ಲೆಕ್ಕದ ಸಾರ್ ಗುಟ್ಟಾಗಿ ತರಿಸಿದ ಮೆಷಿನ್

ಕಂಪ್ಯೂಟರಲ್ಲಿ ಸಾಮಾನು ತರಿಸೋದು ಇನ್ನೂ ಹೊಸದು ಅನ್ನೋ ಕಾಲದಲ್ಲಿ ಮುಳಬಾಗಿಲಿನ ಬಸ್ ಸ್ಟಾಪ್ ಪಕ್ಕ ನನ್ನದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಬರೋರಿಗೆಲ್ಲ ಒಂದೊಂದು ಗುಟ್ಟು. ಅದನ್ನ ಕಾಪಾಡೋಕೆ ನಾನು ಪಡ್ತಿದ್ದ ಪಾಡು ನನಗೇ ಗೊತ್ತು. ಲೆಕ್ಕದ ಸಾರ್ ವಿಷಯ ಹೇಳ್ತೀನಿ ಕೇಳಿ.

೧. ಓದದೆ ಒಪ್ಪಲ್ಲ

ಊರಿನ ಅಂಗಡಿಗಳಿಗೆಲ್ಲ ಲೆಕ್ಕ ಬರೀತಿದ್ದ ಹಿರಿಯರು ಅವರು. ಕಿವಿ ಮಂದ. ಕಿವಿಗೆ ಹಾಕೋ ಮೆಷಿನ್ ತರಿಸಬೇಕಿತ್ತು.

"ನನ್ನ ಹೆಂಡ್ತಿಗೆ ಮಾತ್ರ ಗೊತ್ತಾಗಬಾರದಮ್ಮ. ನನಗೆ ಕೇಳಿಸಲ್ಲ ಅಂತ ಅವಳಿಗಿನ್ನೂ ಗೊತ್ತಿಲ್ಲ. ಗೊತ್ತಾದ್ರೆ ಮುದುಕ ಆದೆ ಅಂತ ಆಡ್ಕೋತಾಳೆ" ಅಂದ್ರು. ಅಯ್ಯೋ ಪಾಪ ಅನ್ನಿಸಿ ಮಾತು ಕೊಟ್ಟೆ.

ಕಂಪ್ಯೂಟರಲ್ಲಿ ಆರ್ಡರ್ ಹಾಕ್ತಾ 'ಒಪ್ಪಿಗೆ ಇದೆ' ಅನ್ನೋ ಕಡೆ ಒತ್ತೋಕೆ ಹೋದೆ. "ತಡೀಮ್ಮ! ಓದದೆ ನಾನು ಯಾವುದಕ್ಕೂ ಒಪ್ಪಿದೋನಲ್ಲ. ಓದು" ಅಂದ್ರು. ಷರತ್ತುಗಳನ್ನ ಕನ್ನಡ ಮಾಡಿ ಮೆಲ್ಲಗೆ ಓದಿದೆ. "ಆಂ?" ಜೋರಾಗಿ ಓದಿದೆ. "ಆಂ?" ಕೊನೆಗೆ ಗಂಟಲು ಹರಿಯೋ ಹಾಗೆ ಕೂಗಿದೆ: "ನಿಮ್ಮ ವಿಷಯ ಬೇರೆಯವರಿಗೆ ತಿಳಿಸ್ಬಹುದಾ ಅಂತ ಕೇಳ್ತಿದ್ದಾರೆ ಸಾರ್!"

ಅವರು ನನಗಿಂತ ಜೋರಾಗಿ, "ಬೇಡ! ಕಿವಿ ಮೆಷಿನ್ ವಿಷಯ ಒಬ್ಬರಿಗೂ ಗೊತ್ತಾಗಬಾರದು!" ಅಂದ್ರು. ನಂಗಲಿ ಬಸ್ಸಿಗೆ ಕಾಯ್ತಿದ್ದವರೆಲ್ಲ ತಿರುಗಿ ನೋಡಿ, ಆಯ್ತು ಅಂತ ತಲೆ ಆಡಿಸಿದ್ರು.

೨. ಗುಟ್ಟಿನ ಪ್ರಶ್ನೆ

ಆಮೇಲೆ, ಪಾಸ್‌ವರ್ಡ್ ಮರೆತರೆ ಕೇಳೋ ಗುಟ್ಟಿನ ಪ್ರಶ್ನೆ ಬಂತು. ಉತ್ತರ ಅವರೊಬ್ಬರಿಗೇ ಗೊತ್ತಿರಬೇಕಂತೆ.

"ನಿಮ್ಮ ತಾಯಿ ಹೆಸರೇನು ಸಾರ್?"

"ಆಂ?"

"ತಾಯಿ! ಹೆಸರು!"

ಪಕ್ಕದ ಟೀ ಅಂಗಡಿಯೋನು ಅಲ್ಲಿಂದಲೇ ತೆಲುಗಲ್ಲಿ, "ಸುಬ್ಬಮ್ಮ ಕದಾ!" ಅಂದ. ಸೈಕಲ್ ಮೇಲೆ ಹೋಗ್ತಿದ್ದ ಯಾರೋ ಕಾಲೂರಿ ನಿಂತು, "ಅಲ್ಲಯ್ಯಾ, ಅದು ಅಜ್ಜಿ. ತಾಯಿ ನರಸಮ್ಮ" ಅಂತ ತಿದ್ದಿದ್ರು. ನಾನು ಅದನ್ನೇ ಟೈಪ್ ಮಾಡಿದೆ.

೩. ಒಪ್ಪಿಗೆ ಯಾರದ್ದು?

ಮೆಷಿನ್ ಬರೋ ಮೊದಲೇ ಅವರ ಹೆಂಡತಿ ಬಂದ್ರು.

"ನಾನೇನೂ ಹೇಳಿಲ್ಲಮ್ಮ" ಅಂದೆ.

"ನೀನ್ಯಾಕೆ ಹೇಳ್ಬೇಕು, ಊರೇ ಹೇಳ್ತು. ಅವರಿಗೆ ಕೇಳಿಸಲ್ಲ ಅಂತ ನನಗೆ ಎಷ್ಟೋ ವರ್ಷದಿಂದ ಗೊತ್ತು" ಅಂದು, ಪಕ್ಕದಲ್ಲಿ ಕೂತು ದನಿ ತಗ್ಗಿಸಿದ್ರು. "ಆ ಮೆಷಿನ್ ಬೇಡ ಅನ್ನೋಕೆ ಆಗುತ್ತಾ ನೋಡು."

"ಯಾಕಮ್ಮ? ಪಾಪ, ಕೇಳಿಸ್ಲಿ ಬಿಡಿ."

"ಅಲ್ಲ ಕಣೇ, ದಿನಾ ಅಡುಗೆ ಮನೇಲಿ ನಿಂತು ಅವರನ್ನೂ ಅವರ ವಂಶಾನೂ ಬಾಯ್ತುಂಬ ಬೈಕೊಂಡು ನೆಮ್ಮದಿಯಾಗಿದ್ದೀನಿ. ಇನ್ಮೇಲೆ ಅದೆಲ್ಲ ಅವರ ಕಿವಿಗೆ ಬೀಳುತ್ತಲ್ಲೇ! ಅವರ ಒಪ್ಪಿಗೆನ ಅಷ್ಟು ಕೂಗಿ ಕೂಗಿ ಕೇಳಿದ್ಯಲ್ಲ, ನನ್ನ ಒಪ್ಪಿಗೆ ಯಾರು ಕೇಳಿದ್ರು?"