ಒಂದು ಗುಡಿಸಿನ ಮೊಟ್ಟೆ

ಇನ್ನು ತಿಂಗಳಿಡೀ ಒಂದೇ ಒಂದು ಸೀನೂ ಸೀನುವುದಿಲ್ಲ! ಹೀಗೆಂದು ಕರಡಪ್ಪನವರು ಘೋಷಿಸಿಬಿಟ್ಟರು. ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ಅಂಟಿದ ಹೆಸರು ಅದು. ತಮ್ಮ ಕಣ್ಣು ತಪ್ಪಿಸಿ ಒಂದು ಗುಡಿಸೂ ದಾಟದು ಎಂಬ ಜಂಬ ಬೇರೆ. ಮೂಗು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ನೆಗಡಿಗೆಂದು ನಾಲ್ಕನೇ ಸಲ ರಜೆ ಕೇಳಿದಾಗ ಮಾಲೀಕರು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು.

ಅದೇ ವಾರ ವೈದ್ಯರೊಬ್ಬರ ಕರಪತ್ರ ತಿದ್ದಲು ಬಂತು. ಮೊಟ್ಟೆಯ ಪ್ರೋಟೀನು, ಜೀವಸತ್ವಗಳು ರೋಗನಿರೋಧಕ ಶಕ್ತಿಗೆ ನೆರವಾಗುತ್ತವೆ ಎಂದಿತ್ತು. ‘ನೆರವಾಗುತ್ತವೆ’ ಎಂಬುದನ್ನು ಕರಡಪ್ಪನವರು ಮನಸ್ಸಿನಲ್ಲೇ ‘ನೆಗಡಿ ನಿರ್ನಾಮ’ ಎಂದು ತಿದ್ದಿಕೊಂಡರು.

ಡಜನ್ ಮೊಟ್ಟೆ ತಂದು ಅದರಲ್ಲಿ ಆರನ್ನು ಬೇಯಿಸಿಟ್ಟರು. ಬೆಂದದ್ದಕ್ಕೆ ಮೇಲಿನ ಡಬ್ಬಿ, ಹಸಿಯದಕ್ಕೆ ಕೆಳಗಿನದು. ಎರಡಕ್ಕೂ ತಾವೇ ಚೀಟಿ ಬರೆದು ಅಂಟಿಸಿದರು. ಚೀಟಿ ಯಾಕೆ, ಮೇಜಿನ ಮೇಲೆ ತಿರುಗಿಸಿದರೆ ಬೆಂದದ್ದು ಬುಗುರಿಯಂತೆ ಸುತ್ತುತ್ತದಲ್ಲ ಎಂದು ಹೆಂಡತಿ ಹೇಳಿ ನೋಡಿದರು.

"ಅಕ್ಷರ ಕಲಿತವರ ಮನೇಲಿ ಬುಗುರಿ ಆಟ ಯಾಕೆ?" ಎಂದರು ಇವರು.

ಐದು ದಿನ ಮೂಗು ತೆಪ್ಪಗಿತ್ತು. ಆರನೆಯ ದಿನ ಕರಪತ್ರದ ಕೊನೆಯ ಕರಡು ಅಚ್ಚುಕೂಟದ ಮೇಜಿನ ಮೇಲಿತ್ತು. ಹನ್ನೊಂದಕ್ಕೆ ವೈದ್ಯರೇ ಬರುವವರಿದ್ದರು. ಬೆಳಗ್ಗೆ ಎಂದಿನಂತೆ ಮೇಲಿನ ಡಬ್ಬಿಗೆ ಕೈ ಹಾಕಿ ತಂದಿದ್ದ ಮೊಟ್ಟೆಯನ್ನು ಕರಡಪ್ಪನವರು ಮಾಲೀಕರ ಎದುರಿಗೇ, ಶಕ್ತಿಪ್ರದರ್ಶನಕ್ಕೆಂದು, ತಮ್ಮ ಹಣೆಗೆ ಕುಟ್ಟಿದರು. ಹಳದಿ ಧಾರೆ ಕನ್ನಡಕ ದಾಟಿ, ಮೂಗನ್ನು ಬಳಸಿ, ನೇರವಾಗಿ ಕರಡಿನ ಮೇಲಿಳಿಯಿತು. ಚಿಪ್ಪು ನೆಲದ ತುಂಬ ಚೆಲ್ಲಾಪಿಲ್ಲಿಯಾಯಿತು.

ಮುಖ ಒರೆಸಿಕೊಳ್ಳುತ್ತಲೇ ಮನೆಗೆ ಫೋನು ಹಚ್ಚಿ, ಬೇಯಿಸಿದ ಡಬ್ಬಿಗೆ ಹಸಿ ಮೊಟ್ಟೆ ಹೇಗೆ ಬಂತೆಂದು ಗುಡುಗಿದರು. ಹೆಂಡತಿಯ ದನಿ ಪಕ್ಕದಲ್ಲಿದ್ದ ಮಾಲೀಕರಿಗೂ ಕೇಳಿಸಿತು.

"ನೀವೇ ಬರೆದಿದ್ದೀರಲ್ಲ ರೀ, ಬೇಯಿಸದ್ದು ಅಂತ. ನಿನ್ನೆ ತಂದ ಹಸಿ ಮೊಟ್ಟೆ ಅದಕ್ಕೇ ಹಾಕಿದೆ. ಈಗ ನೋಡಿದ್ರೆ ಕೆಳಗಿನ ಡಬ್ಬಿ ಮೇಲೂ ಬೇಯಿಸದ್ದು ಅಂತಲೇ ಇದೆ."

ಕರಡಪ್ಪನವರ ಜಂಬ ಜರ್ರನೆ ಇಳಿಯಿತು.

"‘ಬೇಯಿಸಿದ್ದು’ ಅನ್ನೋದ್ರಲ್ಲಿ ಒಂದು ಗುಡಿಸು ಬಿಟ್ಟುಹೋಗಿದೆ" ಎಂದು ಗೊಣಗಿದರು.

ಮಾಲೀಕರು ಬೈಯಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತಂದು ಕೈಗಿತ್ತರು.

"ಕರಡು ಇನ್ನೊಂದು ತೆಗೆಸ್ತೀನಿ, ಬಿಡಿ. ಬಿಟ್ಟ ಗುಡಿಸು ಮಾತ್ರ ನೀವೇ ಗುಡಿಸಿ."

ಕರಡಪ್ಪನವರು ಬಗ್ಗಿ ಗುಡಿಸಿದರು. ಮೇಜಿನಡಿಯ ವರ್ಷಗಟ್ಟಲೆಯ ಧೂಳು ಎದ್ದು ಮೂಗಿಗೇರಿತು.

ಆಕ್ಷೀ!