ಓಣಿ ಕೇಳಿದರೆ ಜಾತಿ ಕೇಳಿದಂತಲ್ಲ

ಬಾಗಲಕೋಟೆಯಲ್ಲಿ ಮನೆ ಬಾಡಿಗೆಗೆ ಕೊಡುವಾಗ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ಇದಕ್ಕೆ ಸರಕಾರಿ ದಾಖಲೆಯಿದೆ. ವಸತಿ ಸಮಾನಾವಕಾಶ ಕೋಶದ ಮೊದಲ ತ್ರೈಮಾಸಿಕ ವರದಿಯಲ್ಲಿ ‘ಸ್ವೀಕೃತ ದೂರುಗಳು: ಶೂನ್ಯ’ ಎಂದು ಸ್ಪಷ್ಟವಾಗಿ ನಮೂದಾಗಿದೆ. ಆ ತ್ರೈಮಾಸಿಕದಲ್ಲಿ ಕೋಶದ ಕಚೇರಿಯೇ ಇನ್ನೂ ತೆರೆದಿರಲಿಲ್ಲ ಎಂಬುದರಿಂದ ವರದಿಯ ಸತ್ಯಾಂಶಕ್ಕೆ ಯಾವ ಧಕ್ಕೆಯೂ ಇಲ್ಲ.

ಎರಡನೆಯ ತ್ರೈಮಾಸಿಕದಲ್ಲಿ ಕಚೇರಿ ತೆರೆಯಿತು. ನವನಗರದಲ್ಲಿ ಎರಡು ಕೋಣೆ, ನಾಲ್ಕು ಕಬ್ಬಿಣದ ಕಪಾಟು, ಒಂದು ನಾಮಫಲಕ. ಜಾತಿ, ಧರ್ಮ, ಊಟ ಅಥವಾ ಒಂಟಿತನದ ಕಾರಣಕ್ಕೆ ಬಾಡಿಗೆ ಮನೆ ಸಿಗದವರ ದೂರು ಕೇಳಿ ನ್ಯಾಯ ಕೊಡಿಸುವುದು ಕೋಶದ ಕೆಲಸ. ಇದರ ಅಧಿಕಾರಿಯಾಗಿ ಹುನಗುಂದದಿಂದ ಬಡ್ತಿಯ ಮೇಲೆ ಬಂದವರು ಗೀತಾಂಜಲಿ. ವಯಸ್ಸು ನಲವತ್ತೊಂದು, ಮದುವೆಯಾಗಿರಲಿಲ್ಲ. ಜೊತೆಗೆ ತಾಯಿ ಸುಂದರವ್ವ ಬಂದಿದ್ದರು. ಅವರ ಎರಡೂ ಮೊಣಕಾಲುಗಳು ಬಸ್ಸಿನ ಮೆಟ್ಟಿಲಿನ ವಿರುದ್ಧ ಎಂದೋ ತಕರಾರು ತೆಗೆದಿದ್ದವು.

ಬಡ್ತಿಯ ಆದೇಶದಲ್ಲಿ ಒಂದು ಷರತ್ತಿತ್ತು. ಅಧಿಕಾರಿಯು ಹದಿನೈದು ದಿನಗಳೊಳಗೆ ಕೇಂದ್ರಸ್ಥಾನದಲ್ಲಿ ಮನೆ ಮಾಡಿ ವಿಳಾಸ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಬಡ್ತಿ ರದ್ದು. ಸರಕಾರಿ ವಸತಿಗೃಹಕ್ಕೆ ಅರ್ಜಿ ಹಾಕಬಹುದಿತ್ತು. ಆದರೆ ಅರ್ಜಿ ಹಾಕಲು ಒಂದು ವರ್ಷದ ಸ್ಥಳೀಯ ವಿಳಾಸ ಕಡ್ಡಾಯವಾಗಿತ್ತು.

ಹೀಗಾಗಿ ತಾಯಿ ಮಗಳು ಲಾಡ್ಜಿನಲ್ಲಿ ಗಂಟು ಇಳಿಸಿ ಮನೆ ನೋಡಲು ಹೊರಟರು. ಮೊದಲ ಮನೆ ತುಳಸೀಬಾಯಿಯವರದು. ಕೆಳಗೆ ಅವರೊಬ್ಬರೇ ಇದ್ದರು. ಮೇಲಂತಸ್ತು ಖಾಲಿ, ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ. ಗೀತಾಂಜಲಿ ಸರಕಾರಿ ನೌಕರಿಯವರೆಂದು ಕೇಳಿ ತುಳಸೀಬಾಯಿ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದರು.

“ಬರ್ರಿ, ಕೂಡ್ರಿ. ಮನಿ ಇಲ್ಲದ ಸಂಕಟ ಏನಂತ ನನಗ ಗೊತ್ತದ ತಾಯಿ. ಹಳೇ ಊರಾಗ ನಮ್ಮ ವಾಡೆ ಇತ್ತು. ಹಿನ್ನೀರು ಬಂತು, ಕಣ್ಣ ಮುಂದ ಮುಳಗ್ತು. ಆವತ್ತಿಂದ ಯಾರಿಗೂ ಮನಿ ಇಲ್ಲ ಅನಬಾರದು ಅಂತ ಮಾಡೇನಿ.”

ಸುಂದರವ್ವ ಗೋಡೆ ಹಿಡಿದು ಹಿಡಿದು ಮೇಲೆ ಹೋಗಿ ಅಡುಗೆಮನೆ ನೋಡಿದರು. ನಿಂತು ಅಡುಗೆ ಮಾಡುವ ಕಟ್ಟೆಯಿತ್ತು. ಅದರ ಮೇಲೆ ಎರಡು ಸಲ ಅಂಗೈ ಆಡಿಸಿ, ಕಿಟಕಿಯ ಹೊರಗಿನ ಬೇವಿನ ಗಿಡ ನೋಡಿ, “ನನಗ ಇಷ್ಟ ಆತವ್ವಾ” ಅಂದರು. ಇಳಿದು ಬಂದಾಗ ಒಳಗೆ ಚಹಾ ಕುದಿಯುತ್ತಿತ್ತು. ತಟ್ಟೆಯಲ್ಲಿ ಮೂರು ಸ್ಟೀಲಿನ ಲೋಟ ಕಾಯುತ್ತಿದ್ದವು. ತುಳಸೀಬಾಯಿ ಗೀತಾಂಜಲಿ ಬರೆದುಕೊಟ್ಟಿದ್ದ ಹೆಸರಿನ ಚೀಟಿ ನೋಡುತ್ತಿದ್ದರು.

“ಗೀತಾಂಜಲಿ ಎನ್. ಅಂತ ಬರದೀರಿ. ಎನ್ ಅಂದ್ರ ಏನ್ರಿ?”

“ನೀಲಪ್ಪ. ನಮ್ಮ ಅಪ್ಪಾರ ಹೆಸರು.”

“ಅಡ್ಡಹೆಸರು?”

“ಹಚ್ಚಂಗಿಲ್ರಿ ನಾವು.”

“ಹಂಗಾರ ಹುನಗುಂದದಾಗ ಯಾವ ಓಣಿ?”

ಗೀತಾಂಜಲಿ ಉತ್ತರ ಯೋಚಿಸುವುದರೊಳಗೆ ಸುಂದರವ್ವ ಓಣಿಯ ಹೆಸರು ಹೇಳಿಬಿಟ್ಟರು. ಎಪ್ಪತ್ತು ವರ್ಷ ತಾವು ಬಾಳಿದ ಓಣಿಯ ಹೆಸರು ಹೇಳಲು ಅವರಿಗೆ ಯೋಚನೆ ಬೇಕಿರಲಿಲ್ಲ.

ತುಳಸೀಬಾಯಿ ಒಳಗೆ ಹೋದರು. ಚಹಾ ಬಂತು. ಎರಡು ಕಾಗದದ ಕಪ್ಪಿನಲ್ಲಿ ಬಂತು. ಸಕ್ಕರೆ ಮಾತ್ರ ಕಡಿಮೆಯಾಗಿರಲಿಲ್ಲ.

“ಅಯ್ಯ, ನನ್ನ ಮರವಿಗೆ ಏನ ಅನಬೇಕು! ಪುಣೇದಿಂದ ನಮ್ಮ ತಮ್ಮನ ಮಗ ಬರ್ತೇನಿ ಅಂದಾನ. ಬಂದರೂ ಬಂದಾನು. ಆಮ್ಯಾಲ ಅವಗ ಇಲ್ಲ ಅನ್ನೂದು ಹೆಂಗ?”

ಮುಂದಿನ ಹತ್ತು ದಿನಗಳಲ್ಲಿ ತಾಯಿ ಮಗಳು ಇನ್ನೂ ಹದಿಮೂರು ಮನೆ ನೋಡಿದರು. ಒಬ್ಬರ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಒಬ್ಬರ ಅಳಿಯನಿಗೆ ವರ್ಗವಾಗುವುದಿತ್ತು. ಮೂವರ ಮನೆಗೆ ಓಣಿಯ ಹೆಸರು ಕೇಳಿದ ಅರ್ಧ ಗಂಟೆಯೊಳಗೆ ವಾಸ್ತುದೋಷ ಬಂತು. ತುಳಸೀಬಾಯಿಯವರದೂ ಸೇರಿ ಉಳಿದ ಹನ್ನೊಂದು ಮನೆಗಳ ಸಂಬಂಧಿಕರು ಒಂದೇ ತಿಂಗಳಲ್ಲಿ ಬಾಗಲಕೋಟೆಗೆ ಬಂದು ನೆಲೆಸಲಿರುವ ವಿಷಯವನ್ನು ಗೀತಾಂಜಲಿ ಮೇಲಧಿಕಾರಿ ಶಿರೀಷ ಅವರ ಗಮನಕ್ಕೆ ತಂದರು. ಉಪನಿರ್ದೇಶಕರಾದ ಅವರು ಕೂಡಲೇ ಕುಡಿಯುವ ನೀರಿನ ವಿಭಾಗಕ್ಕೆ ಪತ್ರ ಬರೆದು, ನವನಗರದಲ್ಲಿ ಜನಸಂಖ್ಯೆ ಹೆಚ್ಚುವ ಸಂಭವವಿದೆ ಎಂದು ಎಚ್ಚರಿಸಿದರು.

ಕೋಶದ ಗುಮಾಸ್ತ ನವೀದ ಈ ಯಾವುದಕ್ಕೂ ಆಶ್ಚರ್ಯಪಡಲಿಲ್ಲ. ಆತ ಹನ್ನೊಂದು ವರ್ಷದಿಂದ ಕೆರೂರಿನಿಂದ ಬಾಗಲಕೋಟೆಯ ಬೇರೆ ಬೇರೆ ಕಚೇರಿಗಳಿಗೆ ಬಸ್ಸಿನಲ್ಲಿ ಓಡಾಡಿ ನೌಕರಿ ಮಾಡುತ್ತಿದ್ದ.

“ನೀವೂ ಇಲ್ಲೇ ಮನಿ ನೋಡಬೇಕಿತ್ತಲ್ಲ ನವೀದ್?” ಎಂದು ಗೀತಾಂಜಲಿ ಕೇಳಿದರು.

“ನೋಡೇನ್ರಿ ಮೇಡಂ. ಬಸ್ಸಽ ಛಲೋರಿ. ಅದು ಹೆಸರು ಕೇಳಂಗಿಲ್ರಿ, ಟಿಕೀಟ ಕೇಳತೈತಿ.”

ಹನ್ನೊಂದನೆಯ ದಿನ ಗೀತಾಂಜಲಿ ತಮ್ಮ ಮೇಜಿನ ಮೇಲೆ ತಾವೇ ಒಂದು ದೂರು ಬರೆದರು. ತುಳಸೀಬಾಯಿಯವರ ಮನೆಯಲ್ಲಿ ನಡೆದದ್ದನ್ನು ಒಂದಕ್ಷರ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ಬರೆದರು. ಬರೆಯುವಾಗ ಎರಡು ಸಲ ಕಾಗದ ಬದಲಿಸಿದರು. ನವೀದ ಅದಕ್ಕೆ ಮುದ್ರೆ ಒತ್ತಿ, ‘ದೂರು ಸಂಖ್ಯೆ ಒಂದು’ ಎಂದು ಬರೆದು, ಸ್ವೀಕೃತಿ ಚೀಟಿ ಹರಿದು ಎದ್ದು ನಿಂತು ಕೊಟ್ಟ.

ಶಿರೀಷ ಅದೇ ಮಧ್ಯಾಹ್ನ ಓಡಿ ಬಂದರು.

“ಏನ್ ಮಾಡಿದ್ರಿ ಮೇಡಂ? ಜಿಲ್ಲೆದಾಗ ಒಂದೂ ದೂರಿಲ್ಲ ಅಂತ ಮ್ಯಾಲ ಪ್ರಶಸ್ತಿಗೆ ಕಳಿಸೇವಿ. ದೂರು ತಗೊಳ್ಳೋ ಅಧಿಕಾರಿನಽ ದೂರು ಕೊಟ್ರ ಹೆಂಗ?”

“ಮನಿ ಸಿಗಲಿಲ್ಲ ಸರ್.”

“ಸಿಗಲಿಲ್ಲ ಅನ್ನೂದು ಬ್ಯಾರೆ, ಕೊಡಲಿಲ್ಲ ಅನ್ನೂದು ಬ್ಯಾರೆ.”

ತನ್ನ ದೂರಿಗೆ ತಾನೇ ನ್ಯಾಯಾಧೀಶನಾಗಬಾರದು ಎಂಬ ತತ್ವದಂತೆ ವಿಚಾರಣೆಯನ್ನು ಶಿರೀಷ ಅವರೇ ನಡೆಸಿದರು. ತುಳಸೀಬಾಯಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು ಹಾಜರಾದರು. ಕುರ್ಚಿ ಸಾಲದ್ದರಿಂದ ದೂರುದಾರರು ನಿಂತರು.

“ಬಾಯಾರ, ನೀವು ಇವರ ಜಾತಿ ಕೇಳಿದ್ರಾ?”

“ಶಿವ ಶಿವಾ! ಜಾತಿ ಕೇಳ್ತಾರೇನಪಾ ಯಾರರ? ಓಣಿ ಕೇಳಿದೆ. ಒಂದು ಹೆಣ್ಣು ಊರು ಬಿಟ್ಟು ಬಂದದ, ಎಲ್ಲಿಂದ ಬಂದದ ಅಂತ ಕೇಳಬಾರದೇನು?”

“ಓಣಿ ಕೇಳಿದ ಮ್ಯಾಲ ತಮ್ಮನ ಮಗ ನೆಪ್ಪಾದ್ನಲ್ರಿ,” ಅಂದರು ಗೀತಾಂಜಲಿ.

“ನೆಪ್ಪು ಯಾವಾಗ ಆಗ್ತದ ಅಂತ ಯಾರಿಗೆ ಗೊತ್ತವ್ವಾ? ವಯಸ್ಸಾತು.”

ಶಿರೀಷ ಅರ್ಧ ಚಕ್ಕುಲಿ ತಿಂದು ಆದೇಶ ಬರೆಸಿದರು. ಓಣಿ ಎಂಬುದು ಭೂಗೋಳಕ್ಕೆ ಸಂಬಂಧಿಸಿದ ವಿಷಯ. ಓಣಿ ಕೇಳಿದರೆ ಜಾತಿ ಕೇಳಿದಂತಾಗುವುದಿಲ್ಲ. ಆದಾಗ್ಯೂ ದೂರುದಾರರ ಮನಸ್ಸಿಗೆ ನೋವಾಗಿರುವುದನ್ನು ಕೋಶವು ಗಂಭೀರವಾಗಿ ಪರಿಗಣಿಸಿದೆ. ಮಾಲೀಕರಿಗೆ ಸಕಾಲದಲ್ಲಿ ಮಾಹಿತಿ ಸಿಗದೆ ಅವರು ಪ್ರಶ್ನೆ ಕೇಳಬೇಕಾಗಿ ಬರುತ್ತಿರುವುದೇ ಈ ನೋವಿಗೆ ಮೂಲ ಕಾರಣ. ಆದ್ದರಿಂದ ಪ್ರಶ್ನೆಗಳನ್ನು ಶಾಶ್ವತವಾಗಿ ನಿಲ್ಲಿಸಲು ತೀರ್ಮಾನಿಸಲಾಗಿದೆ.

ಮೂರನೆಯ ದಿನ ಪ್ರಕಟಣೆ ಹೊರಬಿತ್ತು:

“ಬಾಡಿಗೆ ಮನೆ ಬಯಸುವ ಪ್ರತಿಯೊಬ್ಬರೂ ನಮೂನೆ ನಾಲ್ಕು-ಎ ಭರ್ತಿ ಮಾಡಿ ಮಾಲೀಕರಿಗೆ ಸಲ್ಲಿಸತಕ್ಕದ್ದು. ವಿವರಗಳು: ಹೆಸರು. ಅಡ್ಡಹೆಸರು, ಇಲ್ಲದಿದ್ದಲ್ಲಿ ಕಾರಣ. ಹುಟ್ಟಿದ ಓಣಿ. ಭಾನುವಾರದ ಅಡುಗೆ. ಲಗತ್ತು: ಜಾತಿ ಪ್ರಮಾಣಪತ್ರ. ಸೂಚನೆ: ಮಾಲೀಕರು ಈ ವಿವರಗಳನ್ನು ಕೇಳತಕ್ಕದ್ದಲ್ಲ, ಓದತಕ್ಕದ್ದು. ಓದಿದ ಮೇಲೆ ಮರೆಯತಕ್ಕದ್ದು. ಕೋಶದ ಅಧಿಕಾರಿಯ ಸಹಿಯಿಲ್ಲದ ನಮೂನೆ ಅಸಿಂಧು.”

ಗೀತಾಂಜಲಿ ಪ್ರಕಟಣೆ ಹಿಡಿದುಕೊಂಡು ಶಿರೀಷ ಅವರ ಕೋಣೆಗೆ ಹೋದರು.

“ಸರ್, ಜಾತಿ ಕೇಳಬಾರದು ಅಂತ ನಿಯಮ. ನೀವು ಕೇಳೂಕಿಂತ ಮೊದಲಽ ಬರದು ಕೊಡ್ರಿ ಅಂತೀರಿ.”

“ಕೇಳೂದು ನಿಂತಿತೋ ಇಲ್ಲೋ?”

“ನಿಂತತಿ.”

“ಮತ್ತ?”

ಗೀತಾಂಜಲಿ ಬರೆದುಕೊಟ್ಟ ಎರಡು ಪುಟದ ಆಕ್ಷೇಪಣೆಯ ಮೇಲೆ ಶಿರೀಷ ‘ಓದಲಾಗಿದೆ, ಮರೆಯಲಾಗಿದೆ’ ಎಂದು ಷರಾ ಬರೆದು ಕಡತಕ್ಕೆ ಸೇರಿಸಿದರು.

ಯೋಜನೆ ನಿರೀಕ್ಷೆಗೂ ಮೀರಿ ಯಶಸ್ವಿಯಾಯಿತು. ಮೊದಲೆಲ್ಲ ಮಾಲೀಕರು ಹೆಸರು ಕೇಳಿ, ಊರು ಕೇಳಿ, ಕುಲದೇವರನ್ನು ಕೇಳಿ, ಚಹಾ ಮಾಡಿ, ಇಲ್ಲ ಎನ್ನಲು ಅರ್ಧ ಗಂಟೆ ಕಳೆಯಬೇಕಿತ್ತು. ಈಗ ಎರಡೇ ನಿಮಿಷ ಸಾಕಿತ್ತು. ಬಾದಾಮಿ, ಇಳಕಲ್ಲಿನ ಮಾಲೀಕರೂ ನಮಗೂ ಈ ಸೌಲಭ್ಯ ಕೊಡಿ ಎಂದು ಮನವಿ ಸಲ್ಲಿಸಿದರು. ಮನೆ ಸಿಗದವರು ದೂರು ಕೊಡಲು ಬಂದರೆ, ನಿಮ್ಮನ್ನು ಯಾರಾದರೂ ಏನಾದರೂ ಕೇಳಿದರೇ ಎಂದು ವಿಚಾರಿಸಲಾಗುತ್ತಿತ್ತು. ಇಲ್ಲ, ಯಾರೂ ಏನೂ ಕೇಳಲಿಲ್ಲ ಎಂದು ಅವರು ಸತ್ಯ ನುಡಿಯುತ್ತಿದ್ದರು. ಅಲ್ಲಿಗೆ ದೂರು ಮುಗಿಯುತ್ತಿತ್ತು.

ಮೊದಲ ನಮೂನೆ ಗೀತಾಂಜಲಿಯವರದೇ. ಅರ್ಜಿದಾರರ ಸಹಿಯನ್ನೂ ಅಧಿಕಾರಿಯ ಸಹಿಯನ್ನೂ ತಾವೇ ಹಾಕಬೇಕಾಯಿತು. ಅದು ಇಪ್ಪತ್ತೆರಡು ಮನೆಗಳಿಗೆ ಹೋಗಿ ಅಂದೇ ತಿರುಗಿ ಬಂತು.

ಹದಿನೈದನೆಯ ದಿನ ಬೆಳಿಗ್ಗೆ ಗೀತಾಂಜಲಿ ಲಾಡ್ಜಿನಲ್ಲಿ ಅರಿವೆ ಮಡಚಿ ಚೀಲಕ್ಕೆ ತುಂಬತೊಡಗಿದರು.

“ಎಲ್ಲಿಗೆ?” ಅಂದರು ಸುಂದರವ್ವ.

“ಹುನಗುಂದಕ್ಕ. ಬಡ್ತಿ ಹೋದ್ರ ಹೋಗ್ಲಿ ಯವ್ವಾ. ನಿನ್ನ ಕರಕೊಂಡು ಮಂದಿ ಬಾಗಲಾ ಬಡದು ಸಾಕಾತು ನನಗ.”

“ನಿಮ್ಮಪ್ಪ ನಿನಗ ಸಾಲಿ ಕಲಿಸಿದ್ದು ಸಾಕಾತು ಅನ್ನಾಕಲ್ಲ. ಅವರು ಕೊಡದಿದ್ರ ಬಿಡ್ಲಿ. ನಿನಗ ಕುರ್ಚಿ ಕೊಟ್ಟಾರಲಾ, ಅದರ ಹಿಂದ ಜಾಗಾ ಐತಲಾ, ನಡಿ.”

ಹೀಗೆ ಸುಂದರವ್ವ ಮಗಳೊಂದಿಗೆ ಕೋಶದ ಹಿಂದಿನ ಕೋಣೆಗೆ ಬಂದರು. ನವೀದ ಎರಡು ಕಪಾಟು ಸರಿಸಿ ಮಂಚ ಹಾಕಿಕೊಟ್ಟ; ತನ್ನೂರಿಂದ ಒಂದು ಗ್ಯಾಸಿನ ಒಲೆ ಬಸ್ಸಿನಲ್ಲಿ ತಂದ. ಗೀತಾಂಜಲಿ ಕಚೇರಿಯ ವಿಳಾಸವನ್ನೇ ಮನೆಯ ವಿಳಾಸವೆಂದು ಬರೆದು ಸಲ್ಲಿಸಿದರು.

ಕಚೇರಿಯಲ್ಲಿ ವಾಸಿಸುವುದು ನಿಯಮಕ್ಕೆ ವಿರುದ್ಧ. ಶಿರೀಷ ನೋಟೀಸು ಬರೆಯಲು ಕೂತರು. ಅಷ್ಟರಲ್ಲಿ ಬೆಂಗಳೂರಿನಿಂದ ತಂತಿಗಿಂತ ವೇಗವಾಗಿ ಒಂದು ವಾಟ್ಸಾಪ್ ಸಂದೇಶ ಬಂತು. ಪ್ರಶಸ್ತಿಗೆ ಮುನ್ನ ಪರಿಶೀಲನಾ ತಂಡವೊಂದು ಬರಲಿದೆ. ಜಾತಿ ಕೇಳದೆ ಮನೆ ಪಡೆದ ಒಬ್ಬ ಫಲಾನುಭವಿಯನ್ನಾದರೂ ಖುದ್ದಾಗಿ ತೋರಿಸತಕ್ಕದ್ದು.

ಇಡೀ ನವನಗರದಲ್ಲಿ ಅಂಥವರು ಯಾರಿದ್ದಾರೆ ಎಂದು ಎರಡು ದಿನ ಹುಡುಕಲಾಯಿತು. ಮೂರನೆಯ ದಿನ ಶಿರೀಷ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ರೊಟ್ಟಿ ಬಡಿಯುತ್ತಿದ್ದ ಸುಂದರವ್ವನನ್ನು ಬಹಳ ಹೊತ್ತು ನೋಡಿದರು.

“ಅಮ್ಮಾ, ಇಲ್ಲಿ ಬರೂವಾಗ ನಿಮ್ಮ ಜಾತಿ ಯಾರರ ಕೇಳಿದ್ರೇನು?”

“ಕಪಾಟು ಏನ್ ಕೇಳತಾವರಿ?”

ನೋಟೀಸು ಹರಿದುಹೋಯಿತು. ಕೋಣೆಗೆ ಸುಣ್ಣ ಬಳಿಸಲಾಯಿತು. ‘ವಸತಿ ಸಮಾನತೆಯ ಮಾದರಿ ಮನೆ’ ಎಂಬ ಫಲಕ ಬಂತು. ಉದ್ಘಾಟನೆಗೆ ಮನೆ ಮಾಲೀಕರ ಪರವಾಗಿ ತುಳಸೀಬಾಯಿ ಬಂದು ರಿಬ್ಬನ್ ಕತ್ತರಿಸಿ, “ಕಡೀಕೂ ಈಕೀಗೆ ಒಂದು ಮನಿ ಆತಲ್ಲ, ನನಗ ಭಾಳ ಸಮಾಧಾನ ಆತು” ಎಂದು ಕಣ್ಣೊರೆಸಿಕೊಂಡರು. ಆ ಕಣ್ಣೀರು ಖರೆಯೇ ಆಗಿತ್ತು. ಅವರ ಮೇಲಂತಸ್ತು ಆಗಲೂ ಖಾಲಿಯಿತ್ತು.

ಪರಿಶೀಲನಾ ತಂಡ ಬಂದು ಮೆಚ್ಚಿತು. ಜಿಲ್ಲೆಗೆ ಪ್ರಶಸ್ತಿ ಸಿಕ್ಕಿತು. ಅಂದಿನಿಂದ ಮಾದರಿ ಮನೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಸಾರ್ವಜನಿಕ ವೀಕ್ಷಣೆಗೆ ತೆರೆದಿರುತ್ತದೆ. ಆ ಅವಧಿಯಲ್ಲಿ ಫಲಾನುಭವಿಯು ಮನೆಯಲ್ಲಿಯೇ ಇರತಕ್ಕದ್ದು, ಸಾಧ್ಯವಾದಷ್ಟು ನಗುತ್ತಿರತಕ್ಕದ್ದು. ಐಹೊಳೆ ನೋಡಲು ಬಂದ ಶಾಲೆಯ ಮಕ್ಕಳನ್ನು ಹೋಗುವ ದಾರಿಯಲ್ಲಿ ಇಲ್ಲಿಗೂ ಕರೆತರುತ್ತಾರೆ. ಗೀತಾಂಜಲಿ ಮುಂದಿನ ಕೋಣೆಯಲ್ಲಿ ದಿನಕ್ಕೆ ಐವತ್ತು-ಅರವತ್ತು ನಮೂನೆಗಳಿಗೆ ಸಹಿ ಹಾಕುತ್ತಾರೆ. ಮೊದಮೊದಲು ಪ್ರತಿಯೊಂದನ್ನೂ ಓದುತ್ತಿದ್ದರು. ಈಗ ಓದುವುದಿಲ್ಲ.

ಕಳೆದ ವಾರ ರಾಜ್ಯಮಟ್ಟದ ಅಧಿಕಾರಿಯೊಬ್ಬರು ಬಂದು, ಬಗ್ಗಿ, ಬಹಳ ಪ್ರೀತಿಯಿಂದ ಕೇಳಿದರು.

“ಏನಮ್ಮಾ, ಇಲ್ಲಿ ಆರಾಮಾಗಿದ್ದೀರಾ?”

“ಐದರ ಮ್ಯಾಲ ಆರಾಮ ಇರ್ತೇನ್ರಿ,” ಅಂದರು ಸುಂದರವ್ವ. “ಅಷ್ಟೊತ್ತಿಗೆ ಸರಕಾರ ತನ್ನ ಮನಿಗೆ ಹೋಗಿರತೈತಿ.”

ಅಧಿಕಾರಿಗಳು ನಕ್ಕರು, ಶಿರೀಷ ನಕ್ಕರು. ಸಂದರ್ಶಕರ ಪುಸ್ತಕದಲ್ಲಿ ‘ಫಲಾನುಭವಿಯ ತೃಪ್ತಿ’ ಎಂಬ ಕಲಮಿನ ಮುಂದೆ ‘ಐದಕ್ಕೆ ಐದು’ ಎಂದು ಬರೆಯಲಾಯಿತು. ನವೀದ ಮುದ್ರೆ ಒತ್ತಿದ. ಗೀತಾಂಜಲಿ ಸಹಿ ಹಾಕಿದರು.