ನನ್ನ ಗೆಲುವನ್ನು ಅನುಮಾನಿಸಿದ ರೇಟಿಂಗ್ ಯಂತ್ರಕ್ಕೆ

ನಮ್ಮೂರ ಇಸ್ಪೀಟು ಆಟಗಾರರ ಸಂಘದ ಘನತೆವೆತ್ತ ರೇಟಿಂಗ್ ಯಂತ್ರದ ಸಮಕ್ಷಮಕ್ಕೆ,

ಮಾನ್ಯರೇ,

ಸಂಘದ ಒಳಕೋಣೆಯಲ್ಲಿ, ತಮಗೆಂದೇ ಹಾಕಿಸಿದ ಫ್ಯಾನಿನ ಕೆಳಗೆ, ಹೊರಗೆ ಸದಸ್ಯರೆಲ್ಲ ಬೆವರು ಒರೆಸಿಕೊಳ್ಳುತ್ತ ಎಲೆ ಹಾಕುತ್ತಿರುವಾಗಲೂ ತಾವು ತಣ್ಣಗೆ ಸುಖವಾಗಿದ್ದೀರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವ ದರ್ಜಿ. ತಮಗೆ ಜನರ ಕಸುಬಿನ ಗೊಡವೆ ಇಲ್ಲವಾದ್ದರಿಂದ, ಪಟ್ಟಿಯ ಕೊನೆಯಲ್ಲಿ ಸಾವಿರದ ಮುನ್ನೂರು ಚಿಲ್ಲರೆ ಎಂಬ ಅಂಕಿಯ ಪಕ್ಕ ಕೂತಿರುವವಳು ಎಂದರೆ ಗುರುತು ಹತ್ತೀತು. ಅಲ್ಲಿ ಕೂರಿಸಿದ್ದಕ್ಕೆ ನನ್ನ ತಕರಾರಿಲ್ಲ. ಯಾರಾದರೂ ಕೂರಲೇಬೇಕಲ್ಲ.

ನನ್ನ ಅಕ್ಕನನ್ನು ತಾವು ಚೆನ್ನಾಗಿ ಬಲ್ಲಿರಿ. ಸಾವಿರದ ಎಂಟುನೂರರ ಗೆರೆಯನ್ನು ಈಗಷ್ಟೇ ದಾಟಿದ್ದವಳು. ಬೆಳಗಿನಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆದು, ಸಂಜೆ ನೆಟ್ಟಗೆ ನನ್ನ ಅಂಗಡಿಗೆ ಬಂದು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ಚೂರುಪಾರುಗಳನ್ನು ಮೊಣಕೈಯಿಂದ ಆಚೆ ತಳ್ಳಿ, "ಹಾಕೇ ಎಲೆ" ಎನ್ನುವುದು ಅವಳ ರೂಢಿ. ನಾವು ಆಡುವುದು ಇಬ್ಬರೇ ಆಡುವ ತುರುಪಿನ ಆಟ. ಬಹುತೇಕ ಅವಳೇ ಗೆದ್ದು ನನ್ನನ್ನು ಗೋಳು ಹುಯ್ದುಕೊಳ್ಳುತ್ತಿದ್ದಳು. ಅಪರೂಪಕ್ಕೆ ನಾನು ಗೆದ್ದರೆ ಎರಡು ದಿನ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಮದುವೆ, ಮಕ್ಕಳು, ಬಾಣಂತನ, ಏನೇ ಬಂದರೂ ಈ ಆಟ ಮಾತ್ರ ನಿಂತಿರಲಿಲ್ಲ. ಅದನ್ನು ನಿಲ್ಲಿಸಲು ತಾವೇ ಅವತರಿಸಬೇಕಾಯಿತು.

ತಮ್ಮ ಲೆಕ್ಕಾಚಾರವನ್ನು ನನಗೆ ತಿಳಿಸಿಕೊಟ್ಟವರು ಕನ್ನಡಕದ ಅಂಗಡಿ ಇಟ್ಟಿರುವ ನಮ್ಮ ಸಂಘದ ಕಾರ್ಯದರ್ಶಿಗಳು. ಆಟ ಶುರುವಾಗುವ ಮೊದಲೇ ಇಬ್ಬರ ಅಂಕಿಗಳನ್ನೂ ನೋಡಿ, ಗೆಲ್ಲುವವರು ಯಾರೆಂದು ತಾವು ಅಂದಾಜು ಹಾಕಿರುತ್ತೀರಂತೆ. ಅಂದಾಜಿನಂತೆ ಅಕ್ಕ ಗೆದ್ದರೆ ಅವಳಿಗೆ ಒಂದೇ ಒಂದು ಅಂಕ. ಅಂದಾಜು ಕೆಟ್ಟು ನಾನು ಗೆದ್ದರೆ ಅವಳ ಹದಿನೈದು ಅಂಕ ಕಿತ್ತು ನನ್ನ ಮಡಿಲಿಗೆ. ಎಂಥ ನ್ಯಾಯ! ನನ್ನ ಸೋಲು ಸೂರ್ಯ ಹುಟ್ಟಿದಷ್ಟೇ ಸಹಜ, ನನ್ನ ಗೆಲುವು ಗ್ರಹಣ ಎಂದು ಇಷ್ಟು ನಯವಾಗಿ ನನಗೆ ಹೇಳಿದವರು ನಮ್ಮ ಅತ್ತೆಯವರನ್ನು ಬಿಟ್ಟರೆ ತಾವೇ.

ಹೊರಊರಿನ ದೊಡ್ಡ ಪಂದ್ಯಕ್ಕೆ ಹೋಗುವ ತಂಡಕ್ಕೆ, ಆಯ್ಕೆಯ ದಿನ ಸಾವಿರದ ಎಂಟುನೂರಕ್ಕೆ ಕಡಿಮೆ ಇಲ್ಲದವರು ಮಾತ್ರ ಅರ್ಹರು. ಅಕ್ಕ ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟಿದ್ದು ಅದೊಂದಕ್ಕೇ. ಸಂಘದ ಸದಸ್ಯರು ತಮ್ಮೊಳಗೆ ಆಡಿದ ಪ್ರತಿ ಆಟವನ್ನೂ, ಅದು ಅಡುಗೆಮನೆಯಲ್ಲಿ ಆಡಿದ್ದೇ ಆಗಲಿ, ಫೋನಿನಲ್ಲಿ ತಮಗೆ ವರದಿ ಒಪ್ಪಿಸಬೇಕೆಂಬುದು ನಿಯಮ; ಮುಚ್ಚಿಟ್ಟು ಆಡೋಣ ಎಂದರೆ ಅಕ್ಕ ಸುತರಾಂ ಒಪ್ಪುವವಳಲ್ಲ. ಹೀಗಾಗಿ ತಂಗಿ ಎಂಬುವಳು ಅವಳ ಪಾಲಿಗೆ ಒಂದಂಕದ ಲಾಭಕ್ಕೆ ಹದಿನೈದಂಕದ ಗಂಡಾಂತರವಾಗಿಬಿಟ್ಟಳು. ಮೊದಲು ತಲೆನೋವು ಎಂದಳು, ಆಮೇಲೆ ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದಳು, ಕೊನೆಗೆ ಏನೂ ಹೇಳದೆ ಬರುವುದನ್ನೇ ಬಿಟ್ಟಳು. ಅವಳನ್ನು ನಾನು ದೂರುವುದಿಲ್ಲ. ಪಟ್ಟಿಯಲ್ಲಿ ಮೊದಲನೆಯವರಾದ ಗಡಿಯಾರ ರಿಪೇರಿಯ ಮಹನೀಯರು, ಮೊದಲ ಸ್ಥಾನ ಸಿಕ್ಕ ದಿನದಿಂದ ಎಲೆ ಮುಟ್ಟಿಲ್ಲ. ದಿನವೂ ಸಂಘಕ್ಕೆ ಬಂದು, ಕೈಕಟ್ಟಿ ಕೂತು, ಚಹಾ ಕುಡಿದು ಹೋಗುತ್ತಾರೆ. ಆಟವಾಡದೇ ಇರುವುದೇ ಆಟದ ಪರಮಪದವೆಂದು ಲೋಕಕ್ಕೆ ತೋರಿಸಿಕೊಟ್ಟ ತಮಗೆ ಒಂದು ಸನ್ಮಾನ ಆಗಲೇಬೇಕು.

ಆದರೆ ನನಗೆ ಸಂಜೆಗಳು ಬಿಕೋ ಎನ್ನತೊಡಗಿದವು. ಆದದ್ದಾಗಲಿ ಎಂದು ಒಂದು ಉಪಾಯ ಹೂಡಿದೆ: ಬೇಕೆಂದೇ ಸೋಲುವುದು. ಇಸ್ಪೀಟಿನ ಕಟ್ಟು ಹಿಡಿದು ಅಕ್ಕನ ಮನೆಗೇ ಹೋಗಿ, ಗೋಗರೆದು, ಒಂದಾಟ ಆಡಿಸಿ ಸೋತೆ. ಮರುದಿನವೂ ಸೋತೆ. ತಂಗಿಯಿಂದ ಅಪಾಯವಿಲ್ಲವೆಂದು ಖಾತ್ರಿಯಾಗುತ್ತಲೇ ಅಕ್ಕ ಮತ್ತೆ ಅಂಗಡಿಗೆ ಬರಲಾರಂಭಿಸಿದಳು. ಮಾನ್ಯರೇ, ಸೋಲುವುದು ಸುಲಭವೆಂದು ತಿಳಿಯಬೇಡಿ. ಕೈಯಲ್ಲಿ ರಾಜನನ್ನು ಇಟ್ಟುಕೊಂಡು ಎರಡರ ಎಲೆ ಎಸೆದು, "ಅಯ್ಯೋ, ಕಾಣಲೇ ಇಲ್ಲ ಕಣೇ" ಎಂದು ಹಣೆ ಚಚ್ಚಿಕೊಳ್ಳುವುದಕ್ಕೆ ಎಷ್ಟು ಸಂಯಮ ಬೇಕೆಂಬುದು ತಮಗೆ ತಿಳಿಯದು.

ಒಂದು ಸಂಜೆ ಅಕ್ಕ ಎಲೆ ಕಲೆಸುತ್ತ, ತಲೆ ಎತ್ತದೆಯೇ, "ಏನೇ ಇದು, ಈಚೆಗೆ ನಾನೊಬ್ಬಳೇ ಕೂತು ಆಡಿದಂಗಿದೆ. ಸಾಕಾಯ್ತಮ್ಮ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ತಂಡ, ಆಯ್ಕೆ, ಅಂಕ, ಎಲ್ಲವೂ ಮರೆತೇಹೋಯಿತು. ಹಲ್ಲು ಕಚ್ಚಿ ಆಡಿದೆ. ಕೊನೆಯವರೆಗೂ ತುರುಪಿನ ಗುಲಾಮನನ್ನು ಬಿಟ್ಟುಕೊಡದೆ ಹಿಡಿದು, ಅವಳ ಎಕ್ಕದ ಮೇಲೆ ಪಟ್ಟನೆ ಹಾಕಿ ಗೆದ್ದೆ. ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುನಗುತ್ತಲೇ ಫೋನು ತೆಗೆದು, ತನ್ನ ಸೋಲನ್ನು ತಾನೇ ತಮಗೆ ವರದಿ ಮಾಡಿದಳು.

ಮರುದಿನವೇ ತಮ್ಮ ನೋಟಿಸು ಬಂತು. ಈ ಇಬ್ಬರು ಅಸಹಜವಾಗಿ ಪದೇ ಪದೇ ಆಡುತ್ತಿದ್ದಾರೆ, ಕೊನೆಯ ಆಟದಲ್ಲಿ ದೊಡ್ಡ ಆಟಗಾರ್ತಿಯು ಬೇಕೆಂದೇ ಸೋತು ಚಿಕ್ಕವಳಿಗೆ ಅಂಕ ದಾಟಿಸಿರುವ ಅನುಮಾನವಿದೆ, ವಿಚಾರಣೆ ನಡೆಯಲಿ ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ನಾನು ನಾಟಕವಾಡಿ ಸೋತ ಆಟಗಳನ್ನೆಲ್ಲ ಪರಿಶೀಲಿಸಿ, "ಆಟಗಾರ್ತಿಯ ಶಕ್ತಿಗೆ ತಕ್ಕಂತಿವೆ" ಎಂದು ಷರಾ ಹಾಕಿದ್ದಿರಿ. ತಮ್ಮ ಸೂಕ್ಷ್ಮದೃಷ್ಟಿಗೆ ಶರಣು. ನನ್ನ ಸುಳ್ಳನ್ನೆಲ್ಲ ನಿಜವೆಂದೂ, ಇದ್ದೊಂದು ನಿಜವನ್ನು ಸುಳ್ಳೆಂದೂ ಹಿಡಿಯಲು ಸಾಮಾನ್ಯರಿಂದ ಸಾಧ್ಯವಿಲ್ಲ.

ವಿಚಾರಣೆಯಲ್ಲಿ ಕಾರ್ಯದರ್ಶಿಗಳು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ತೋರಿಸಿದರು. "ತಪ್ಪಾಗಿ ಒತ್ತಿಬಿಟ್ಟೆ ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಆ ಆಟ ಅಳಿಸಿಹಾಕ್ತೀವಿ. ಅಂಕವೂ ವಾಪಸು, ತಂಡದಲ್ಲಿ ಜಾಗವೂ ಭದ್ರ" ಎಂದರು. ನಾನು ಅಕ್ಕನ ಸೆರಗು ಜಗ್ಗಿ "ಹೇಳಿಬಿಡೇ" ಎಂದೆ. ಅಕ್ಕ ಎದ್ದು ನಿಂತು, "ತಪ್ಪಾಗಿ ಒತ್ತಿಲ್ಲ. ಬೇಕೂಂತ ಸೋತೂ ಇಲ್ಲ. ಇವಳು ಗೆದ್ದಳು, ನಾನು ಸೋತೆ, ಅಷ್ಟೇ" ಎಂದು ಹೊರಟೇಬಿಟ್ಟಳು. ಹದಿನೈದು ಅಂಕ ಕಳೆದು ಸಾವಿರದ ಎಂಟುನೂರರ ಕೆಳಗಿಳಿದಿದ್ದ ಅಕ್ಕನಿಲ್ಲದೆಯೇ ತಂಡದ ಆಯ್ಕೆ ಮುಗಿಯಿತು.

ವಿಚಾರಣೆಯ ದಿನ ಸಂಘದ ಮೆಟ್ಟಿಲಿಳಿಯುವಾಗ ನಾನು ಅವಳಿಗೆ ಎಲ್ಲವನ್ನೂ ಒಪ್ಪಿಸಲು ಬಾಯಿ ತೆರೆದೆ. ಅವಳು ಮಾತಾಡಗೊಡಲಿಲ್ಲ. "ರಾಜನ್ನ ಇಟ್ಕೊಂಡು ಎರಡು ಎಸೆದ್ರೆ ನಂಗೆ ಗೊತ್ತಾಗಲ್ವೇನೇ? ಗೊತ್ತಾಗಿದ್ದಕ್ಕೇ ಅವತ್ತು ನಿನ್ನ ಕೆಣಕಿದ್ದು. ಅಷ್ಟು ಸಲ ಸುಳ್ಳುಸುಳ್ಳೇ ಸೋತು ಒಂದು ಸಲ ನಿಜವಾಗಿ ಗೆದ್ದಿದ್ದೀಯ, ಅದನ್ನೂ ಅಳಿಸಿಬಿಡ್ಲಾ?" ಎಂದಳು. ಮಾನ್ಯರೇ, ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ನನ್ನ ಸೋಲುಗಳನ್ನು ದಯವಿಟ್ಟು ಅನುಮಾನಿಸಿ. ಶಿಕ್ಷೆ ಕೊಡುವುದಿದ್ದರೆ ಅವಕ್ಕೆ ಕೊಡಿ, ಖುಷಿಯಿಂದ ತೆಗೆದುಕೊಳ್ಳುತ್ತೇನೆ. ನನ್ನ ಹದಿನೈದು ಅಂಕಗಳನ್ನು ಅಕ್ಕನಿಗೆ ಹಿಂತಿರುಗಿಸಿ, ಆದರೆ ಗೆಲುವನ್ನು ಮಾತ್ರ ನನ್ನಲ್ಲೇ ಬಿಡಿ. ಎರಡೂ ಒಟ್ಟಿಗೆ ಆಗುವುದಿಲ್ಲವೆಂದು ತಮ್ಮ ಗಣಿತ ಹೇಳಿದರೆ, ಗಣಿತಕ್ಕೆ ತಿಳಿಹೇಳಿ. ಅಕ್ಕತಂಗಿಯರು ದಿನವೂ ಎದುರುಬದುರು ಕೂರುವುದು ಯಾವ ಲೋಕದಲ್ಲಿ ಅಸಹಜವೆಂದು ಒಂದು ಸಾಲು ಬರೆದು ತಿಳಿಸಿ. ಅದೂ ಆಗದಿದ್ದರೆ, ತಾವೇ ಒಂದು ಸಂಜೆ ನನ್ನ ಅಂಗಡಿಗೆ ದಯಮಾಡಿಸಿ, ಬಟ್ಟೆಚೂರುಗಳನ್ನು ಸರಿಸಿ, ಅಕ್ಕನ ಎದುರು ಒಂದಾಟ ಕೂತು ನೋಡಿ.

ಗೆಲ್ಲಬಾರದವಳಾಗಿದ್ದೂ ಗೆದ್ದ,
ತಮ್ಮ ವಿಶ್ವಾಸಿ,
ಸಮವಸ್ತ್ರದ ದರ್ಜಿ

ತಾ.ಕ.: ಇಬ್ಬರೂ ಸಂಘಕ್ಕೆ ರಾಜೀನಾಮೆ ಕೊಟ್ಟಿದ್ದೇವೆ, ಇನ್ನು ಮುಂದೆ ತಮಗೆ ವರದಿ ಒಪ್ಪಿಸುವ ಹಂಗಿಲ್ಲ. ನಿನ್ನೆ ಸಂಜೆಯೂ ಆಡಿದೆವು. ಯಾರು ಗೆದ್ದರೆಂಬುದನ್ನು, ಅಂದಾಜು ಹಾಕುವುದರಲ್ಲಿ ನಿಸ್ಸೀಮರಾದ ತಾವು, ಅಂದಾಜು ಹಾಕುತ್ತಲೇ ಇರಿ.